ಒಂದನೆಯ ಚೀಲದ ವೈನು

"ಟೀಚರಮ್ಮ, ಸ್ವಲ್ಪ ಬನ್ನಿ. ಒಬ್ಬ ಮುದುಕನ ಮಾನ ಹೋಗ್ತಾ ಇದೆ," ಎಂದು ನಾನು ಮಹಡಿ ಮೆಟ್ಟಿಲ ಬುಡದಿಂದಲೇ ಕೂಗಿದೆ.

"ನಿಮ್ಮದೋ, ಬೇರೆಯವರದೋ?"

"ಪೀಪಾಯಿ ತಾತಂದು."

ಅವರು ಕನ್ನಡಕ ಹುಡುಕಿಕೊಂಡು ಇಳಿದು ಬಂದರು. ಮೂವತ್ತು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ, ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹೆಂಗಸು. ಊರಿನಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಮೊದಲು ಅವರನ್ನು ಕರೆಯುತ್ತಿದ್ದರು. ಹಿಂದೆ ಹಿಂದೆ ಹೋಗುವುದು ನನ್ನ ಕೆಲಸ. ನನ್ನ ಹೆಂಡತಿ ತೀರಿಕೊಂಡ ಮೇಲೆ ಪ್ರಾರ್ಥನೆ ಬಿಟ್ಟರೆ ನನಗೆ ಬೇರೆ ಕೆಲಸವೂ ಇರಲಿಲ್ಲ.

ದಾರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಇಳಿಜಾರಿನ ಕೆಳಗಿನ ವೈನು ಮನೆಯ ಯಜಮಾನರು ಎರಡು ತಿಂಗಳ ಹಿಂದೆ ತೀರಿಕೊಂಡಿದ್ದರು. ಮೂರು ನಾಲ್ಕು ದ್ರಾಕ್ಷಿಯ ಕೆಂಪು ವೈನುಗಳನ್ನು ಅಳೆದು ಬೆರೆಸುವುದರಲ್ಲಿ ಅವರ ಕೈಗೆ ಸಮನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಸಾಯುವ ಮುಂಚೆ ಒಂದು ಮಿಶ್ರಣ ಮಾಡಿ, ಒಂದೇ ಸೀಸೆಯಲ್ಲಿ ತುಂಬಿ, ಅರಗಿನ ಮುದ್ರೆ ಹಾಕಿ ಇಟ್ಟಿದ್ದರು. 'ನನ್ನ ತಮ್ಮ ಒಂದು ಬೆರೆಸಲಿ, ಮಗಳು ಒಂದು ಬೆರೆಸಲಿ. ಗುರುತು ಮುಚ್ಚಿ ರುಚಿ ನೋಡಿ. ನನ್ನದಕ್ಕೆ ಯಾರದು ಹತ್ತಿರವೋ ಇನ್ನು ಮುಂದೆ ಅವರೇ ಬೆರೆಸಲಿ' ಎಂದು ಹೇಳಿ ಹೋಗಿದ್ದರು.

ನಾನು ಕುಡಿಯುವವನಲ್ಲ, ಆ ಮನೆಯವರು ನನ್ನನ್ನು ನೀರು ಮಾಮ ಎಂದೇ ಕರೆಯುತ್ತಿದ್ದುದು. ಅದಕ್ಕೇ ಸೀಸೆಗಳನ್ನು ಕಪ್ಪು ಚೀಲಕ್ಕೆ ಹಾಕಿ ನಂಬರು ಕಟ್ಟುವ ಕೆಲಸ ಪ್ರತಿವರ್ಷ ನನ್ನದು. ಆ ಬೆಳಿಗ್ಗೆಯೂ ಮುಚ್ಚಳ ತೆಗೆದು, ಚೀಲ ಹಾಕಿ, ಲೋಟಗಳಿಗೆ ಸುರಿದೆ. ಮೇಜಿನ ಸುತ್ತ ನಾಲ್ವರು: ತಮ್ಮ, ಮಗಳು, ನೆಲಮಾಳಿಗೆ ನೋಡಿಕೊಳ್ಳುವ ಪೀಪಾಯಿ ತಾತ, ವೈನು ಕೊಳ್ಳುವ ವ್ಯಾಪಾರಿ. ಎರಡನೆಯ ಚೀಲದ್ದನ್ನು ಬಾಯಿಗಿಡುತ್ತಲೇ ತಮ್ಮನ ಕಣ್ಣಲ್ಲಿ ನೀರು ಬಂತು. "ಇದು ಅಣ್ಣನ ಕೈ," ಎಂದರು. ಮೂರನೆಯದು ಪರವಾಗಿಲ್ಲ ಎಂದಾಯಿತು. ಒಂದನೆಯದಕ್ಕೆ ವ್ಯಾಪಾರಿ ಮುಖ ಹಿಂಡಿ, "ಹಸಿ ಕಡ್ಡಿ ಅಗಿದ ಹಾಗಿದೆ," ಎಂದರು. ಚೀಲ ಬಿಚ್ಚಿದಾಗ ಎರಡನೆಯದು ಯಜಮಾನರದು, ಮೂರನೆಯದು ತಮ್ಮನದು, ಒಂದನೆಯದು ಮಗಳದು. ಹುಡುಗಿ ಸೋತಿದ್ದಳು.

ಆಗ ವ್ಯಾಪಾರಿ ಮೇಜಿನ ಮೇಲೆ ಬಿದ್ದಿದ್ದ ಅರಗಿನ ಚೂರು ಎತ್ತಿ ಹಿಡಿದರು. ತಿಂಗಳುಗಟ್ಟಲೆ ನೆಲಮಾಳಿಗೆಯಲ್ಲಿದ್ದ ಅರಗಿನ ಮೇಲೆ ಒಂದು ಕಣ ಧೂಳಿಲ್ಲ, ಹೊಸದಾಗಿ ಹೊಳೆಯುತ್ತಿತ್ತು. ಯಾರೋ ಮುದ್ರೆ ಒಡೆದು ಮತ್ತೆ ಹಾಕಿದ್ದರು. ನೆಲಮಾಳಿಗೆಯ ಬೀಗದ ಕೈ ಇರುವುದು ತಾತನ ಬಳಿ.

"ನಲವತ್ತು ವರ್ಷ ಆ ಮನೇಲಿ ದುಡಿದವನು," ಎಂದೆ. "ಈಗ ಬೀಗದ ಕೈ ಇಟ್ಟು ಹೊರಡು ಅಂದಿದ್ದಾರೆ."

ರುಚಿ ನೋಡುವ ಕೋಣೆಯಲ್ಲಿ ಎಲ್ಲವೂ ಹಾಗೆಯೇ ಇತ್ತು. ಟೀಚರಮ್ಮ ಮೇಜಿನ ಸುತ್ತ ನಿಧಾನವಾಗಿ ನಡೆದರು. ಪ್ರತಿಯೊಬ್ಬರ ಮುಂದೆ ಮೂರು ಲೋಟ, ಕಾಲಬಳಿ ಒಂದು ಬಕೀಟು.

"ಈ ಬಕೀಟು ಯಾಕೆ?"

"ಉಗುಳೋಕೆ," ಎಂದೆ. "ನುಂಗಿದ್ರೆ ನಾಲಿಗೆ ಮಂಕಾಗುತ್ತಂತೆ. ಯಾರೂ ನುಂಗಲ್ಲ."

"ಹಾಗಾದ್ರೆ ಇದು?" ಮಗಳ ಜಾಗದಲ್ಲಿ ಎರಡು ಲೋಟಗಳು ಅರ್ಧ ತುಂಬಿದ್ದವು. ಒಂದನೆಯದರಲ್ಲಿ ಒಂದು ಹನಿಯೂ ಇರಲಿಲ್ಲ. "ಎಲ್ಲರೂ ಬೈದ ವೈನನ್ನ ಯಾರಾದ್ರೂ ತಳ ಕಾಣೋ ತನಕ ಕುಡೀತಾರಾ?"

ನನಗೇನು ತಿಳಿಯುತ್ತದೆ. "ನಮ್ಮ ಬಚ್ಚಲಲ್ಲಿ ನನ್ನವಳು ಉಜ್ಜಿ ಬಿಟ್ಟ ಸೋಪು ಇನ್ನೂ ಇದೆ. ಒಣಗಿ ಬಿರುಕು ಬಿಟ್ಟಿದೆ. ಎಸೆಯೋಕೆ ಆಗಿಲ್ಲ. ಮನುಷ್ಯ ಏನೇನೋ ಮಾಡ್ತಾನೆ," ಎಂದೆ.

ಟೀಚರಮ್ಮ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಗೆ ನಡೆದರು.

ತಾತ ಅಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು.

"ಯಾವಾಗಲೂ ಇಲ್ಲೇನಾ ಇದು?"

"ಇಲ್ಲೇ, ತಾಯಿ. ಮನೆಯೋರು ಯಾರು ಬೇಕಾದ್ರೂ ತಗೋಬಹುದು. ಆದ್ರೆ ಕಳ್ಳ ಮಾತ್ರ ನಾನೇ."

"ಯಜಮಾನರು ಕೊನೆಗಾಲದಲ್ಲಿ ಹೇಗಿದ್ರು?"

"ತಲೆ ಎಲ್ಲೋ ಇರ್ತಿತ್ತು. ಒಂದಿನ ಒಲೆ ಮೇಲೆ ಹಾಲು ಸೀದು ಮನೆಯೆಲ್ಲ ವಾಸನೆ. ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರು. 'ಮೂಗು ಅಡ ಇಟ್ಟಿದ್ದೀರಾ' ಅಂತ ತಮಾಷೆ ಮಾಡ್ದೆ. ಅವರು ನಗ್ಲಿಲ್ಲ."

"ಕೊನೆ ಮಿಶ್ರಣಕ್ಕೆ ಪೀಪಾಯಿಗಳಿಂದ ಅಳೆದು ಕೊಟ್ಟವರು?"

"ನಾನೇ. ಅಳತೆ ಬಾಯಿಪಾಠ. ಕೊನೇಲಿ ಸಿಪ್ಪೆ ಹಿಂಡಿದ ಒಗರು ವೈನು ಮಾಮೂಲಿಗಿಂತ ಮೂರರಷ್ಟು ಕೇಳಿದ್ರು. ಅವರು ಹೇಳಿದ್ಮೇಲೆ ನಾನ್ಯಾಕೆ ಬಾಯಿ ಹಾಕ್ಲಿ."

"ಅದೇ ಅಳತೇಲಿ ಇನ್ನೊಂದು ಸಲ ಬೆರೆಸಿ ತನ್ನಿ," ಎಂದರು ಟೀಚರಮ್ಮ.

ಸಂಜೆಯ ಬಿಸಿಲು ಕಿಟಕಿಯಿಂದ ಮೇಜಿಗೆ ಬರುವ ಹೊತ್ತಿಗೆ ಎಲ್ಲರೂ ಮತ್ತೆ ಸೇರಿದರು. ಟೀಚರಮ್ಮ ತಾತನ ಹೂಜಿಯಿಂದ ಸುರಿದು ಕೊಟ್ಟರು. ತಮ್ಮ ಒಂದು ಗುಟುಕು ತೆಗೆದುಕೊಂಡು ಬಕೀಟಿಗೆ ಬಾಗಿದರು.

"ಇದು ಬೆಳಿಗ್ಗೆಯ ಒಂದನೇದು. ಮಗುವಿನದು. ಮತ್ಯಾಕೆ ಇದು?"

"ಇದು ನಿಮ್ಮಣ್ಣನ ಅಳತೆ," ಎಂದರು ಟೀಚರಮ್ಮ.

ಟೀಚರಮ್ಮ ಪಾಠ ಹೇಳುವ ದನಿಯಲ್ಲೇ ಮುಂದುವರಿಸಿದರು. "ವ್ಯಾಪಾರಿಗಳು ನೆಲಮಾಳಿಗೆಗೆ ಇಳಿದವರಲ್ಲ. ನೀವು ಮೋಸ ಮಾಡೋದಾಗಿದ್ರೆ ಅಣ್ಣನ ಸೀಸೆಗೆ ನಿಮ್ಮದನ್ನೇ ತುಂಬ್ತಿದ್ರಿ. ಎರಡಕ್ಕೂ ಒಂದೇ ರುಚಿ ಇರ್ತಿತ್ತು. ಹಾಗಾಗ್ಲಿಲ್ಲ. ತಾತ ಮಾಡಿದ್ರೆ ಈ ಅಳತೇನ ನಂಗೆ ಹೇಳ್ತಾನೇ ಇರ್ಲಿಲ್ಲ. ಯಜಮಾನರ ವೈನು ಸಿಕ್ಕಿದ್ದು ಮಗಳ ಸೀಸೇಲಿ. ಅಂದ್ರೆ ಎರಡನ್ನೂ ಅದಲು ಬದಲು ಮಾಡಿದ್ದಾರೆ. ಮಾಡಿದವರಿಗೆ ನಷ್ಟ ಬಿಟ್ಟು ಏನೂ ಸಿಗಲಿಲ್ಲ. ಪಕ್ಕದಲ್ಲೇ ಹಾಲು ಸೀದ್ರೂ ವಾಸನೆ ತಿಳಿಯದ ಮನುಷ್ಯ ವೈನು ಬೆರೆಸಿದ್ದು ಗೊತ್ತಿದ್ದೋರು ಒಬ್ಬರೇ." ಅವರು ಹುಡುಗಿಯ ಕಡೆ ತಿರುಗಿದರು. "ಎಲ್ಲ ಸರಿಯಾಗೇ ಮಾಡಿದ್ದೆ, ಮಗಳೇ. ಆದ್ರೆ ಒಂದನೇದು ಬಾಯಿಗೆ ಬಂದಾಗ ಉಗುಳೋಕೆ ಆಗಲಿಲ್ಲ, ಅಲ್ವಾ?"

ಹುಡುಗಿ ತಲೆ ಎತ್ತಲಿಲ್ಲ. "ಅಪ್ಪಂಗೆ ಎರಡು ವರ್ಷದಿಂದ ವಾಸನೆ ಬರ್ತಿರಲಿಲ್ಲ. ನಾನು ಮೂಸಿ ಹೇಳ್ತಿದ್ದೆ, ಅಪ್ಪ ಬೆರೆಸ್ತಿದ್ರು. ಕೊನೇದನ್ನ ಮಾತ್ರ ಒಬ್ಬರೇ ಮಾಡಿದ್ರು. ನಾನು ಒಡೆದು ರುಚಿ ನೋಡ್ದೆ. ಅಪ್ಪನ ಕೈ ಕೆಟ್ಟಿತ್ತು ಅಂತ ಜನ ಅನ್ನೋದು ಬೇಡ ಅನ್ನಿಸ್ತು. ನಾನು ಸೋತ್ರೆ ಏನಾಯ್ತು." ಆಮೇಲೆ ತಾತನತ್ತ ನೋಡಿದಳು. "ನಿನ್ನ ತಲೆ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ಲ, ತಾತ. ಬಂದಾಗ ಬಾಯೇ ಬರಲಿಲ್ಲ. ಅದು ನನ್ನ ತಪ್ಪು."

"ಬಿಡು ಕೂಸೇ," ಎಂದ ತಾತ. "ಹಾಲು ಸೀದ ದಿನ ನಂಗೇ ತಿಳೀಬೇಕಿತ್ತು."

ಅವಳ ಚಿಕ್ಕಪ್ಪ ಎದ್ದು ಮೊಳೆಯಿಂದ ಬೀಗದ ಕೈ ತಂದು ತಾತನ ಅಂಗೈಯಲ್ಲಿಟ್ಟರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ಬೆಳಿಗ್ಗೆ ಅಣ್ಣನ ಕೈ ಅಂತ ಅತ್ತೆನಲ್ಲಮ್ಮ," ಎಂದರು. "ಅದು ನಿನ್ನ ಕೈ. ಇನ್ಮೇಲೆ ನೀನೇ ಬೆರೆಸು." ಅದನ್ನು ಕೇಳಿ ಅವಳು ಅತ್ತಳು.

ವ್ಯಾಪಾರಿ, "ಈ ಕೋಣೆ ಮಾತು ನನ್ನಿಂದ ಹೊರಗೆ ಹೋಗಲ್ಲ," ಎಂದರು.

ಒಂದನೆಯ ಚೀಲದ ಸೀಸೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಚಿಕ್ಕಪ್ಪ ಅದನ್ನು ಐದು ಲೋಟಗಳಿಗೆ ಸಮನಾಗಿ ಸುರಿದರು. ಎಲ್ಲರೂ ನಿಂತುಕೊಂಡೇ ಕುಡಿದರು. ಆ ಒಗರಿಗೆ ಯಾರೂ ಮುಖ ಹಿಂಡಲಿಲ್ಲ. ನಾನು ಕೈಮುಗಿದು, ಆ ಸತ್ತವರಿಗೂ ನನ್ನವಳಿಗೂ ದೇವರು ಶಾಂತಿ ಕೊಡಲಿ ಎಂದು ಬೇಡಿಕೊಂಡೆ.

ಆಮೇಲೆ ಲೋಟಗಳನ್ನು ತೊಳೆಯಲು ಒಟ್ಟು ಮಾಡಿದೆ. ಐದೂ ಖಾಲಿಯಾಗಿದ್ದವು. ಬಕೀಟುಗಳ ಕಡೆಗೆ ಯಾರೂ ಬಾಗಿರಲಿಲ್ಲ.