ಅರ್ತ್ ವೈರಿನ ಕೆಳಗಿನ ಹಸಿರು ಬಣ್ಣ

1981ರ ಅಕ್ಟೋಬರ್ 9, ಬೆಳಿಗ್ಗೆ 10.20. ಕ್ಯಾಲನೂರಿನ ಅಶ್ವತ್ಥಪ್ಪ ಮುಳಬಾಗಿಲು ಠಾಣೆಗೆ ಬಂದು ದೂರು ಕೊಟ್ಟ. ಅವನ ಹೆಂಡತಿ ಭಾರತಮ್ಮ ಚೊಚ್ಚಲ ಬಸುರಿ, ಗುಂಡ್ಲಕೆರೆಯ ಆಚೆ ದಡದ ತವರಿನಲ್ಲಿದ್ದಳು. ಅವಳನ್ನು ಕೋಲಾರದ ಆಸ್ಪತ್ರೆಗೆ ಸೇರಿಸಲೆಂದು ಹಿಂದಿನ ದಿನ, ವಿಜಯದಶಮಿಯಂದು, ಅವನು ಈಚೆ ದಡಕ್ಕೆ ಬಂದಿದ್ದ. ಮೀನುಗಾರರ ಸಂಘದ ಮೋಟಾರ್ ದೋಣಿ ಸ್ಟಾರ್ಟ್ ಆಗಲಿಲ್ಲ. ಒಂದು ಗಂಟೆ ಕಾದು, ಎತ್ತಿನ ಗಾಡಿ ಹಿಡಿದು ಕೆರೆ ಸುತ್ತಿಕೊಂಡು ಹೋದರೆ, ಅಲ್ಲಿ ಅವಳಿಗೆ ದಿನ ತುಂಬಲು ಇನ್ನೂ ಹದಿನೈದು ದಿನ ಇರುವಾಗಲೇ ನೋವು ಬಂದಿತ್ತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

"ಡ್ರೈವರ್ ಕದಿರೇಶ ಹಬ್ಬಕ್ಕೆ ಕುಡಿದು ಎಂಜಿನ್ ಕೆಡಿಸವ್ನೆ ಸಾರ್. ಅವನನ್ನ ಬಿಡಬೇಡಿ."

ಸಬ್ ಇನ್‌ಸ್ಪೆಕ್ಟರ್ ಚಂದ್ರಶೇಖರ ಎಫ್‌ಐಆರ್ ದಾಖಲಿಸಿ ಹೆಡ್ ಕಾನ್ಸ್‌ಟೇಬಲ್ ವೆಂಕಟರಮಣಪ್ಪನನ್ನು ಕರೆದರು. ವೆಂಕಟರಮಣಪ್ಪ ಹನ್ನೆರಡು ವರ್ಷ ಇಲಾಖೆಯ ಜೀಪು ಓಡಿಸಿದವನು. ಆ ಜೀಪು ಓಡಿದ್ದಕ್ಕಿಂತ ತಳ್ಳಿಸಿಕೊಂಡದ್ದೇ ಹೆಚ್ಚು. ಹಾಗಾಗಿ ಸ್ಟಾರ್ಟರ್ ಮೋಟಾರಿನ ಜಾತಕವೇ ಅವನಿಗೆ ಬಾಯಿಪಾಠವಾಗಿತ್ತು.

11.45ಕ್ಕೆ ಇಬ್ಬರೂ ಕೆರೆಯ ಬಳಿ ಇದ್ದರು. ಕದಿರೇಶ ಬಿಳಚಿಕೊಂಡು ನಿಂತಿದ್ದ. ತಪ್ಪು ಅವನದಾದರೆ ದೋಣಿಯ ಬೀಗದ ಕೈ ಇಟ್ಟು ಕೆಲಸ ಬಿಟ್ಟು ಹೋಗಲಿ ಎಂದು ಸಂಘದ ಅಧ್ಯಕ್ಷರು ಆಗಲೇ ಹೇಳಿಯಾಗಿತ್ತು.

"ಕುಡಿದಿದ್ದೆಯಾ?" ಎಂದು ಚಂದ್ರಶೇಖರ ಕೇಳಿದರು.

"ಇಲ್ಲ ಸಾರ್. ಮಕ್ಕಳಾಣೆ."

"ಕಡೇದಾಗಿ ಯಾವಾಗ ಸ್ಟಾರ್ಟ್ ಮಾಡ್ದೆ?"

"ಆಯುಧ ಪೂಜೆ ಹಿಂದಿನ ದಿನ. ಪೂಜೆ ಮಾಡಿದ್ಮೇಲೆ ಅವತ್ತು ಎಂಜಿನ್ ಮುಟ್ಟಲ್ಲ ಸಾರ್ ನಾವು."

ವೆಂಕಟರಮಣಪ್ಪ ಎಂಜಿನ್ನಿನ ಮೇಲಿನ ಚೆಂಡುಹೂವಿನ ಹಾರ ತೆಗೆದಿಟ್ಟ. ಮೊದಲು ಬ್ಯಾಟರಿ. ಬಲ್ಬು ಹಿಡಿದರೆ ಜಗ್ಗನೆ ಉರಿಯಿತು. ಟರ್ಮಿನಲ್ಲುಗಳು ಬಿಗಿಯಾಗಿದ್ದವು. ಕೀ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಅಷ್ಟೇ. ಸ್ವಿಚ್ಚಿನ ತಪ್ಪೇನೋ ಎಂದು ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸ್ಟಾರ್ಟರಿಗೆ ನೇರವಾಗಿ ಕರೆಂಟ್ ಕೊಟ್ಟ. ಆಗಲೂ ತಿರುಗಲಿಲ್ಲ. ಕೊನೆಗೆ ಬ್ಯಾಟರಿಯ ಮೈನಸ್ಸಿನಿಂದ ಒಂದು ದಪ್ಪ ವೈರು ಎಳೆದು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಒತ್ತಿ ಹಿಡಿದು, "ಈಗ ತಿರುಗ್ಸು" ಎಂದ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎರಡು ನಿಮಿಷದ ಕೆಲಸಕ್ಕೆ ಒಂದು ಜೀವ ಹೋಗಿತ್ತು.

"ಸ್ಟಾರ್ಟರ್ ಸರಿ ಇದೆ ಸಾರ್. ಅರ್ತ್ ಸಿಗ್ತಿಲ್ಲ, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿ ಎಲ್ಲೋ ಕಟ್ಟಿದೆ."

ಅರ್ತ್ ವೈರಿನ ಬೋಲ್ಟು ಬಿಚ್ಚಿದರು. ವೈರು ಕೂರುವ ಜಾಗದಲ್ಲಿ, ಬೋಲ್ಟಿನ ತೂತಿನೊಳಗೆ ಕೂಡ, ಕರೆಂಟ್ ಹಾಯದಷ್ಟು ದಪ್ಪಗೆ ಹಸಿರು ಬಣ್ಣ ಕೂತಿತ್ತು. ಹಬ್ಬಕ್ಕೆಂದು ಮೇಲೆ ಮೇಲೆ ಬಳಿದವನ ಬಣ್ಣ ವೈರಿನ ಅಡಿಗೆ ಹೋಗುವುದಿಲ್ಲ. ಯಾರೋ ಬಿಚ್ಚಿ, ಬಳಿದು, ಒಣಗಿಸಿ, ಮತ್ತೆ ಬಿಗಿದಿದ್ದರು. 1.30ಕ್ಕೆ ಪಂಚನಾಮೆ ಮುಗಿಯಿತು.

"ಹಬ್ಬಕ್ಕೆ ಬಣ್ಣ ಹೊಡೆದಿದ್ದು ಯಾರಯ್ಯಾ?"

"ಸಂಘದ ಕಾವಲುಗಾರ ಆವಲಪ್ಪ ಸಾರ್, ಬಣ್ಣ ಹೊಡೆದು ಹಬ್ಬಕ್ಕೆ ಆಚೆ ದಡದ ಮನೆಗೆ ಹೋದ. ಮೊದಲು ಲಾರಿ ಕ್ಲೀನರ್ ಆಗಿದ್ದ, ಎಂಜಿನ್ ಕೆಲಸ ಗೊತ್ತು." ಕದಿರೇಶ ತಡೆದು ಹೇಳಿದ. "ಭಾರತಮ್ಮನ ತಂದೆ."

ಮಧ್ಯಾಹ್ನ 3.40ಕ್ಕೆ ಆವಲಪ್ಪನನ್ನು ಠಾಣೆಗೆ ಕರೆತಂದರು.

"ಚೆಪ್ಪಪ್ಪಾ, ಹೇಳು" ಎಂದು ವೆಂಕಟರಮಣಪ್ಪ ತೆಲುಗು ಬೆರೆಸಿ ಕೇಳಿದ. "ವೈರಿನ ಕೆಳಗೆ ಬಣ್ಣ ಯಾಕೆ ಬಳಿದೆ?"

ಆವಲಪ್ಪ ಇಲ್ಲ ಎನ್ನಲಿಲ್ಲ. "ಚೊಚ್ಚಲ ಹೆರಿಗೆ ತವರಲ್ಲಿ ಮಾಡ್ಲಿಲ್ಲ ಅಂದ್ರೆ ನಾನು ಊರಲ್ಲಿ ತಲೆ ಎತ್ತೋದು ಹೆಂಗೆ ಸಾರ್. ಅಳಿಯಂದಿರ ಮುಖ ನೋಡಿ ಕಳಿಸಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ದೋಣಿ ನಿಂತ್ರೆ ಅವರೇ ವಾಪಸ್ ಹೋಗ್ತಾರೆ ಅಂದ್ಕೊಂಡೆ."

"ಮಗಳಿಗೆ ನೋವು ಬಂದಾಗ ಏನ್ ಮಾಡ್ದೆ?"

"ದಡಕ್ಕೆ ಓಡ್ದೆ. ಅರ್ತ್ ವೈರ್ ಬಿಚ್ಚಿ ಬಣ್ಣ ಕೆರೀರಪ್ಪಾ ಅಂತ ಗಂಟಲು ಹರಿಯೋ ಹಂಗೆ ಕೂಗ್ದೆ. ಅರ್ಧ ಮೈಲಿ ನೀರು ಸಾರ್. ಟವೆಲ್ ಬೀಸ್ದೆ. ಅಳಿಯಂದಿರು ಅಲ್ಲಿಂದ ನನಗೆ ಕೈ ಬೀಸಿದ್ರು."

ಚಂದ್ರಶೇಖರ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು. 5.10ಕ್ಕೆ ದಸ್ತಗಿರಿ ಎಂದು ದಾಖಲಾಯಿತು.

"ಭಾರತಿಗೆ ಎಂಜಿನ್ ಕೆಟ್ಟಿತ್ತು ಅಂತ ಮಾತ್ರ ಗೊತ್ತು ಸಾರ್" ಎಂದ ಆವಲಪ್ಪ. "ಹಂಗೇ ಇರ್ಲಿ."

ಹೊರಗಿನ ಬೆಂಚಿನ ಮೇಲೆ ಅಶ್ವತ್ಥಪ್ಪ ಬೆಳಗಿನಿಂದ ಕಾದು ಕೂತಿದ್ದ. ಆರೋಪಿ ಯಾರೆಂದು ಫಿರ್ಯಾದುದಾರನಿಗೆ ತಿಳಿಸಲೇಬೇಕು. ವೆಂಕಟರಮಣಪ್ಪ ಟೋಪಿ ಹಾಕಿಕೊಂಡು ಎದ್ದ.