ಅಳತೆಗೆ ಒಬ್ಬರು

"ಮೇಡಂ, ಇದು ದುಂಡಗಿಲ್ಲ."

ಟೇಪನ್ನು ಮೇಜಿನ ಮೇಲೆ ಬಿಗಿಯಾಗಿ ಎಳೆದು ಹಿಡಿದು, ಕಳ್ಳನನ್ನು ಹಿಡಿದವನ ಮುಖ ಮಾಡಿಕೊಂಡು ಅವನು ನಿಂತಿದ್ದ. ರೇಣುಕಾ ಕೈಯಲ್ಲಿದ್ದ ಪಾಲಿಶ್ ಡಬ್ಬಿ ಕೆಳಗಿಟ್ಟು ಹತ್ತಿರ ಬಂದಳು.

"ಎಷ್ಟು ಫರಕ್ ಐತ್ರಿ?"

"ಈ ಕಡೆಯಿಂದ ಮೂವತ್ತಾರು ಇಂಚು. ಆ ಕಡೆಯಿಂದ ಅರ್ಧ ಇಂಚು ಕಮ್ಮಿ. ಹೊರಗಡೆ ಬೋರ್ಡ್‌ನಲ್ಲಿ ರೌಂಡ್ ಟೇಬಲ್ ಅಂತ ಬರೆಸಿದೀರಲ್ಲ?"

"ಪೂರಾ ದುಂಡಗ ಬೇಕಂದ್ರ ಹೊಸಾದು ತಗೋರಿ," ಎಂದಳು ರೇಣುಕಾ. "ಕಟ್ಟಿಗಿ ಉದ್ದಕ್ಕ ಕುಗ್ಗೂದಿಲ್ಲ, ಅಡ್ಡ ಕುಗ್ಗತೈತಿ. ಅಷ್ಟು ಬ್ಯಾಸಗಿ ಕಂಡ ಮೇಜು ಇನ್ನೂ ಸರಿಯಾಗಿ ದುಂಡಗ ಐತಿ ಅಂದ್ರ, ಅದು ಹಳೇದಲ್ಲ. ಸುಳ್ಳು ಹೇಳಾಕತ್ತೈತಿ ಅಂತ ತಿಳೀರಿ."

ಅವನು ಟೇಪನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ತನ್ನನ್ನೇ ನೋಡಿಕೊಂಡು ನಕ್ಕ. ಟೇಪು ಪಟ್ಟನೆ ಒಳಗೆ ಸೇರಿಕೊಂಡಿತು.

ಹೆಸರು ಪ್ರಜ್ವಲ. ಮೈಸೂರಿನವನು, ಐಟಿ ಕಂಪನಿಯ ಕೆಲಸ, ಲಿಂಗಂಪಲ್ಲಿಯಲ್ಲಿ ಹೊಸ ಫ್ಲ್ಯಾಟು. ಹಾಲ್ ಚಿಕ್ಕದು. ಚೌಕದ ಮೇಜಿನ ಮೂಲೆಗಳು ಓಡಾಡುವವರ ಸೊಂಟಕ್ಕೆ ಬಡಿಯುತ್ತವೆ, ಅದಕ್ಕೇ ದುಂಡುಮೇಜು, ಹಳೆಯದೇ ಬೇಕು ಎಂದ. ಸನತ್‌ನಗರದ ಕಾರ್ಖಾನೆಗಳ ನಡುವೆ ರೇಣುಕಾಳ ತಗಡಿನ ಶೆಡ್ಡಿತ್ತು. ಹಳೆಯ ಬಂಗಲೆಗಳನ್ನು ಕೆಡವಿದಾಗ, ಇರಾನಿ ಹೋಟೆಲುಗಳು ಬಾಗಿಲು ಹಾಕಿದಾಗ ಬರುವ ಸಾಮಾನನ್ನು ದುರಸ್ತಿ ಮಾಡಿ ಮಾರುವುದು ಅವಳ ಕಸುಬು. ಅಪ್ಪ ಬೀದರಿನಿಂದ ಬಂದು ಶುರು ಮಾಡಿದ್ದು. ಅಪ್ಪ ಹೋದ ಮೇಲೆ ಅವಳು, ಮತ್ತು ಅಪ್ಪನ ಕಾಲದ ಪಾಲಿಶ್ ಮೇಸ್ತ್ರಿ ಕಾಶಿನಾಥ. ಅವಳ ಮದುವೆಯ ಮಾತೆತ್ತುವುದನ್ನು ಮನೆಯವರು ಬಿಟ್ಟು ಬಹಳ ಕಾಲವಾಗಿತ್ತು.

ಪ್ರಜ್ವಲ ಮೇಜಿನ ಫೋಟೋ ತೆಗೆದುಕೊಂಡ.

"ಹಂಗ ತಗದ್ರ ಚಾ ಸ್ಟೂಲೋ ಊಟದ ಮೇಜೋ ತಿಳೀದಿಲ್ಲ," ಎಂದಳು ರೇಣುಕಾ. ಈ ವ್ಯಾಪಾರದಲ್ಲಿ ಎಲ್ಲರೂ ಪಾಲಿಸುವ ಪದ್ಧತಿಯೊಂದಿತ್ತು. "ಅಳತಿಗೆ ಏನರ ಇಡಬೇಕು. ತಡೀರಿ, ಸ್ಟೀಲ್ ಗ್ಲಾಸ್ ಕೊಡ್ತೀನಿ."

"ಗ್ಲಾಸ್ ಯಾಕೆ? ನೀವೇ ಕೂತ್ಕೊಳ್ಳಿ."

ಅವಳು ಕೂತಳು.

"ಕೈ ಮೇಲಿಡಿ. ಹಾಂ, ಹಾಗೆ. ಸ್ವಲ್ಪ ನಗಿ."

"ಅಳತಿಗೆ ನಗೂದು ಯಾಕ ಬೇಕ್ರಿ?"

ಅವನು ಫೋನಿನ ಮೇಲಿಂದ ಕಣ್ಣೆತ್ತಿ ನೋಡಿದ.

"ಅಳತೆಗಲ್ಲ," ಎಂದ.

ಆ ಒಂದು ಮಾತನ್ನು ರೇಣುಕಾ ಮನೆಗೆ ಹೊತ್ತುಕೊಂಡು ಹೋದಳು.

ಮುಂದಿನ ಶನಿವಾರ ಅವನು ಮತ್ತೆ ಬಂದ. ಇರಾನಿ ಹೋಟೆಲಿನಿಂದ ಬಂದ ಮೇಜೊಂದಿತ್ತು, ಮೇಲೆ ಬಿಳಿ ಅಮೃತಶಿಲೆ, ಅದರೊಳಗೆ ಇಳಿದುಹೋದ ಚಹಾದ ಕಲೆಗಳು. ಕೈಗೆ ತಣ್ಣಗಿದೆ, ಬೇಡ ಎಂದ. ಆದರೂ ಅವಳನ್ನು ಕೂರಿಸಿ ಫೋಟೋ ತೆಗೆದ. ಅದರ ಮುಂದಿನ ಶನಿವಾರ ಅವಳು ಒಳಗಿನಿಂದ ಬೀಟೆಯ ಮೇಜನ್ನು ಹೊರಗೆ ತರಿಸಿದಳು. ಯಾರೋ ವಕೀಲರ ಬಂಗಲೆಯದು. ನಡುವೆ ಒಂದೇ ಕಂಬ, ಕೆಳಗೆ ಮೂರು ಬಾಗಿದ ಪಾದ. ಕಾಶಿನಾಥ ಅದಕ್ಕೆ ಅರಗಿನ ಪಾಲಿಶ್ ಹಚ್ಚಿ ಹಚ್ಚಿ, ನೀರಿನಲ್ಲಿ ಇಣುಕಿದ ಹಾಗೆ ಮುಖ ಕಾಣುವಂತೆ ಮಾಡಿದ್ದ.

ಫೋಟೋ ಆದ ಮೇಲೆ ಇಬ್ಬರೂ ಎದುರುಬದುರು ಕೂತರು. ಪ್ರಜ್ವಲ ಚಹಾದ ಗ್ಲಾಸನ್ನು ಮೇಜಿನ ಮೇಲಿಡಲು ಹೋದ. ರೇಣುಕಾ ಅವನ ಮಣಿಕಟ್ಟನ್ನೇ ಹಿಡಿದು ತಡೆದಳು.

"ಸುಡೂ ಗ್ಲಾಸ್ ಇಟ್ರಿ ಅಂದ್ರ ಬೆಳ್ಳಗ ಚಕ್ರ ಬೀಳತೈತಿ. ಒರಸಿದ್ರ ಹೋಗೂದಿಲ್ಲ. ಪಾಲಿಶ್ ಪೂರಾ ತಗದು ಮತ್ತ ಹಚ್ಚಬೇಕಾಗತೈತಿ."

"ಹಾಗಾದ್ರೆ ಗ್ಲಾಸ್ ಹಿಡ್ಕೊಂಡೇ ಇರ್ತೀನಿ. ನೀವು ಕೈ ಹಿಡ್ಕೊಂಡೇ ಇರಿ."

ಅವಳು ಕೈ ಬಿಟ್ಟಳು.

"ಕಾಲು ತಾಗ್ತಾ ಇದೆ," ಎಂದ ಅವನು ಸ್ವಲ್ಪ ಹೊತ್ತಿನ ಮೇಲೆ.

"ಒಂದೇ ಕಂಬದ ಮೇಜಿನಾಗ ಕಾಲಿಗೆ ಭಾಳ ಜಾಗ ಐತ್ರಿ. ತಾಗೂದಿಲ್ಲ."

"ಗೊತ್ತು," ಎಂದ. ಕಾಲು ತೆಗೆಯಲಿಲ್ಲ.

ಹೊರಡುವಾಗ ಮೇಜಿನ ಅಂಚನ್ನು ಬೆರಳಿನಿಂದ ಸುತ್ತಲೂ ಸವರಿದ. ಅವನಿಗೆ ಅದು ಹಿಡಿಸಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಅವನು ಹೇಳಿದ್ದು ಬೇರೆ.

"ಇದೂ ಬೇಡ. ಇನ್ನೂ ನೋಡೋಣ. ಮುಂದಿನ ಶನಿವಾರ ಬರ್ತೀನಿ, ರೇಣುಕಾ."

ಮೇಡಂ ಎನ್ನಲಿಲ್ಲ.

ಅವನ ಕಾರು ತಿರುವು ದಾಟಿದ ಮೇಲೆ ಕಾಶಿನಾಥ ಚಿಂದಿಬಟ್ಟೆ ಹಿಂಡುತ್ತಾ ಹೇಳಿದ, "ರೇಣವ್ವಾ, ಈ ಸಾಹೇಬ್ರು ಮೇಜು ನೋಡಾಕ ಬರಾಕತ್ತಿಲ್ಲ."

"ಮತ್ತೇನು ನೋಡಾಕ?"

"ಮೇಜಿನ ಮ್ಯಾಲ ಕೈ ಇಟ್ಟವ್ರನ್ನ."

"ನಿನ್ನ ಕೆಲಸ ನೀ ನೋಡು, ಕಾಶಿನಾಥಣ್ಣ."

ಆದರೆ ಆ ವಾರ ಅವಳು ಸುಲ್ತಾನ್ ಬಜಾರಿಗೆ ಹೋಗಿ ಹಸಿರು ಗಾಜಿನ ಬಳೆ ತೊಟ್ಟು ಬಂದಳು. ಫೋಟೋದಲ್ಲಿ ಕೈ ಬರುತ್ತದಲ್ಲ. ಬೀಟೆಯ ಮೇಜಿಗೆ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದಳು. ಕೇಳಿದ ಗಿರಾಕಿಗಳಿಗೆಲ್ಲ ಕೊಡೂದಿಲ್ರಿ ಎಂದಳು. ಅಂಗಡಿ ಇಟ್ಟಾಗಿನಿಂದ ಮಾರಲು ಒಲ್ಲೆನೆಂದದ್ದು ಅದೊಂದೇ ಸಾಮಾನು.

ಶನಿವಾರಗಳು ಬಂದವು. ಸಾಗವಾನಿ ಮೇಜು, ಮಡಿಸುವ ಮೇಜು, ಕ್ಲಬ್ಬಿನ ಇಸ್ಪೀಟ್ ಮೇಜು. ಪ್ರತಿಯೊಂದಕ್ಕೂ ಒಂದು ಕೊಂಕು, ಒಂದು ಚಹಾ, ಒಂದು ಫೋಟೋ. ತನ್ನ ಇಷ್ಟೊಂದು ಫೋಟೋಗಳನ್ನು ಒಬ್ಬ ಗಂಡಸು ಯಾಕೆ ಇಟ್ಟುಕೊಂಡಾನು ಎಂಬ ಪ್ರಶ್ನೆಗೆ ರೇಣುಕಾಳಿಗೆ ಒಂದೇ ಉತ್ತರ ಗೊತ್ತಿತ್ತು. ಕೊನೆಗೊಂದು ಶುಕ್ರವಾರ ನಿರ್ಧಾರ ಮಾಡಿದಳು. ನಾಳೆ ಬೀಟೆಯ ಮೇಜಿನ ಬಟ್ಟೆ ತೆಗೆಯುವುದು. ನಿಮಗಾಗಿ ಇಟ್ಟಿದ್ದೆ ಎನ್ನುವುದು. ಉಳಿದದ್ದನ್ನೂ ಹೇಳಿಬಿಡುವುದು.

ಶನಿವಾರ ಮೇಜು ನಡುವೆ ಬಂದು ನಿಂತಿತ್ತು. ಎದುರುಬದುರು ಎರಡು ಕುರ್ಚಿ.

ಪ್ರಜ್ವಲ ಬಂದ. ಅವನ ಹಿಂದೆಯೇ ಕಾರಿನಿಂದ ಒಬ್ಬಳು ಹುಡುಗಿ ಇಳಿದಳು. ತೆಳ್ಳಗೆ, ಲಕ್ಷಣವಾಗಿದ್ದಳು. ಶೆಡ್ಡಿನೊಳಗೆ ಕಾಲಿಟ್ಟವಳೇ ರೇಣುಕಾಳನ್ನು ನೋಡಿ ಎರಡೂ ಕೈ ಚಾಚಿದಳು.

"ಅಯ್ಯೋ! ನಮ್ಮ ಸ್ಕೇಲ್ ಇವ್ರೇನಾ!"

ರೇಣುಕಾಳಿಗೆ ಅರ್ಥವಾಗಲಿಲ್ಲ. ಹುಡುಗಿ ಆಗಲೇ ಅವಳ ಕೈ ಹಿಡಿದಾಗಿತ್ತು.

"ನಾನು ಸಂಯುಕ್ತಾ. ಪ್ರಜ್ಜು ನನ್ನ ಬಗ್ಗೆ ಹೇಳೇ ಇಲ್ವಾ? ಮುಂದಿನ ತಿಂಗಳು ನಮ್ಮ ಮದ್ವೆ. ನಾನು ಬೆಂಗಳೂರಲ್ಲಿ, ಇವ್ನು ಇಲ್ಲಿ. ಪ್ರತಿ ಶನಿವಾರ ಫೋಟೋ ಕಳಿಸ್ತಿದ್ನಲ್ಲ, ನಾನು, ನಮ್ಮಮ್ಮ, ಅವರಮ್ಮ ಕೂತು ನೋಡೋದು. ಸ್ಕೇಲ್ ಇರೋ ಫೋಟೋ ಬಂತು ನೋಡು ಅಂತಿದ್ವಿ. ಎಷ್ಟು ಹೆಲ್ಪ್ ಆಯ್ತು ಗೊತ್ತಾ?"

ಅವಳು ಫೋನ್ ತೋರಿಸಿದಳು. ಸಾಗವಾನಿ ಮೇಜು, ಮಡಿಸುವ ಮೇಜು, ಇಸ್ಪೀಟ್ ಮೇಜು. ಪ್ರತಿಯೊಂದರ ಅಂಚಿನಲ್ಲೂ ಒಂದು ಕೈ, ಹಸಿರು ಬಳೆಯವರೆಗೆ ಮಾತ್ರ.

"ಕ್ರಾಪ್ ಮಾಡಿದ್ದು ನಾನೇ. ಅಮ್ಮಂದಿರು ಟೇಬಲ್ ಬಿಟ್ಟು ನಿಮ್ಮ ಸೀರೆ ಬಗ್ಗೆ ಮಾತಾಡೋಕೆ ಶುರು ಮಾಡಿದ್ರು. ಬಳೆ ತುಂಬಾ ಚೆನ್ನಾಗಿವೆ. ಎಲ್ಲಿ ತಗೊಂಡ್ರಿ?"

"ಸುಲ್ತಾನ್ ಬಜಾರ್‌ನಾಗ್ರಿ," ಎಂದಳು ರೇಣುಕಾ.

ಪ್ರಜ್ವಲ ಗೋಡೆಗೆ ಒರಗಿಸಿಟ್ಟ ಕುರ್ಚಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಸಂಯುಕ್ತಾ ತಿರುಗಿದಳು. ನಡುವೆ ನಿಂತ ಬೀಟೆಯ ಮೇಜು ಕಣ್ಣಿಗೆ ಬಿತ್ತು.

"ಪ್ರಜ್ಜು! ಇದೇ ಅಲ್ವಾ ನಂಗೆ ಫೋಟೋ ನೋಡಿದ್ ತಕ್ಷಣ ಇಷ್ಟ ಆಗಿದ್ದು? ಇದು ಸೋಲ್ಡ್ ಅಂತ ನೀನೇ ಅಂದಿದ್ದೆ!"

ಕಾಶಿನಾಥನ ಕೈಯ ಚಿಂದಿಬಟ್ಟೆ ನಿಂತಿತು.

ರೇಣುಕಾ ಲೆಕ್ಕ ಹಾಕಿದಳು. ಹಾಗಾದರೆ ಪ್ರಜ್ವಲನ ಕೆಲಸ ಅಂದೇ ಮುಗಿದಿತ್ತು. ಆಮೇಲಿನ ಶನಿವಾರಗಳಿಗಾಗಿ ಅವನು ಸುಳ್ಳು ಹೇಳಿದ್ದ. ಕಾಲು ತೆಗೆಯದೆ ಕೂತದ್ದು ನಿಜವೇ ಆಗಿತ್ತು. ಅವಮಾನದ ನಡುವೆ ಉಕ್ಕಿದ ಆ ಸುಖ ಅವಮಾನಕ್ಕಿಂತ ಹೆಚ್ಚು ಉರಿಯಿತು. ಅವಳು ಅವನನ್ನು ನೇರವಾಗಿ ನೋಡಿದಳು. ಹೇಳು, ಈಗಲಾದರೂ.

"ಇವ್ರೇ ಹಾಗಂದ್ರು," ಎಂದ ಪ್ರಜ್ವಲ. "ಅಲ್ವಾ, ಮೇಡಂ?"

ಮೇಡಂ.

"ಹೌದ್ರಿ," ಎಂದಳು ರೇಣುಕಾ. "ಇದಕ್ಕ ಒಬ್ರು ಬರ್ತಾರ ಅಂತ ತಿಳದು ಇಟ್ಟಿದ್ದೆ. ಬರಲಿಲ್ಲ."

"ರೇಟ್ ಏರಿಸೋ ಟೆಕ್ನಿಕ್ ತಾನೇ?" ಸಂಯುಕ್ತಾ ಕಣ್ಣು ಮಿಟುಕಿಸಿದಳು. "ನಂಗೆ ಗೊತ್ತು ಬಿಡಿ. ಪರವಾಗಿಲ್ಲ, ನಾವು ತಗೋತೀವಿ. ಒಂದ್ನಿಮಿಷ, ಅಮ್ಮಂಗೆ ಹೇಳ್ಬಿಡ್ತೀನಿ."

ಅವಳು ಫೋನ್ ಕಿವಿಗಿಟ್ಟುಕೊಂಡು ಬಾಗಿಲ ಆಚೆ ಹೋದಳು.

ಪ್ರಜ್ವಲ ಕುರ್ಚಿಯಲ್ಲಿ ಕೂತ. ಇನ್ನೊಂದು ಕುರ್ಚಿ ಖಾಲಿ ಇತ್ತು. ರೇಣುಕಾ ಕೂರಲಿಲ್ಲ.

"ಮದ್ವೆ ಮಾತಾಗಿದ್ದು ನೀವು ಸಿಗೋ ಮುಂಚೆ," ಎಂದ, ದನಿ ತಗ್ಗಿಸಿ. "ಫೋಟೋ ಕಳಿಸಿದ್ದು ಅವಳಿಗೇ, ನಿಜ. ಆದ್ರೆ ಕ್ರಾಪ್ ಮಾಡದೇ ಇರೋವು ನನ್ನ ಹತ್ರ ಇವೆ. ದಿನಾ ನೋಡ್ತೀನಿ. ಈಗ ಹಾಗಂದಿದ್ದಕ್ಕೆ ನಂಗೇ ನಾಚಿಕೆ ಆಗ್ತಿದೆ. ರೇಣುಕಾ, ನೀವು ಒಂದು ಮಾತು ಹೇಳಿ. ಎಲ್ಲಾ ನಿಲ್ಲಿಸಿಬಿಡ್ತೀನಿ."

ಅವನ ಕಣ್ಣುಗಳು ಒದ್ದೆಯಾಗಿದ್ದವು. ನಟನೆಯಾಗಿರಲಿಲ್ಲ. ಅವಳಿಗೆ ಅದು ಗೊತ್ತಾಯಿತು, ಗೊತ್ತಾಗದಿದ್ದರೆ ಒಳ್ಳೆಯದಿತ್ತು. ಹೇಳಬೇಕೆಂದು ರಾತ್ರಿಯೆಲ್ಲ ಕಟ್ಟಿಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ನಾ ಯಾಕ ಮೊದಲ ಹೇಳಬೇಕ್ರಿ?" ಎಂದಳು. "ಅವ್ರು ಬಾಗಲದಾಗ ನಿಂತಾರ. ಹೋಗಿ ಹೇಳಿ ಬರ್ರಿ. ನೀವು ಹೇಳಿ ಬಂದ ಮ್ಯಾಲ ನಾ ಹೇಳ್ತೀನಿ. ನಂದು ತಯಾರ್ ಐತಿ."

ಅವನು ಅವಳನ್ನೇ ನೋಡಿದ. ಎದ್ದ. ಅಂಗಿಯ ಮಡಿಕೆ ಸರಿಮಾಡಿಕೊಂಡು ಬಾಗಿಲಿನ ಕಡೆ ನಡೆದ. ರೇಣುಕಾ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬಳೆಗಳು ಮರಕ್ಕೆ ತಾಗಿ ಸಣ್ಣಗೆ ಸದ್ದು ಮಾಡಿದವು.

"ಪ್ರಜ್ಜು," ಹೊರಗಿನಿಂದ ಸಂಯುಕ್ತಾಳ ದನಿ ಕೇಳಿತು, "ಮಂಗಳವಾರ ಡೆಲಿವರಿ ತಗೊಳ್ಳೋಣ್ವಾ ಅಂತಿದಾರೆ ಅಮ್ಮ. ಓಕೆನಾ?"

ಪಕ್ಕದ ಕಾರ್ಖಾನೆಯ ಯಂತ್ರ ಒಂದು ಸುತ್ತು ಹಾಕಿತು.

"ಓಕೆ," ಎಂದ ಪ್ರಜ್ವಲ.

ರೇಣುಕಾ ಮೇಜಿನಿಂದ ಕೈ ತೆಗೆದಳು.

ಇಬ್ಬರೂ ಒಳಗೆ ಬಂದರು. ಸಂಯುಕ್ತಾ ಫೋನ್ ಎತ್ತಿ ಹಿಡಿದಿದ್ದಳು. "ಲಾಸ್ಟ್ ಫೋಟೋ, ಪ್ಲೀಸ್! ಅಮ್ಮಂದಿರಿಗೆ. ನೀವು ಕೂತ್ಕೊಳ್ಳಿ, ಸ್ಕೇಲ್ ಇಲ್ದಿದ್ರೆ ಅವ್ರು ಒಪ್ಪೋದೇ ಇಲ್ಲ."

"ಕಾಶಿನಾಥಣ್ಣ," ರೇಣುಕಾ ಕರೆದಳು, "ಚಾ ಆತೇನು?"

ಒಲೆಯಿಂದ ಈಗಷ್ಟೇ ಇಳಿಸಿದ ಚಹಾ. ಕಾಶಿನಾಥ ಸ್ಟೀಲ್ ಗ್ಲಾಸನ್ನು ಬಟ್ಟೆಯಲ್ಲಿ ಹಿಡಿದು ತಂದ. ರೇಣುಕಾ ಅದನ್ನು ಬರಿಗೈಯಲ್ಲಿ ತೆಗೆದುಕೊಂಡು ಬೀಟೆಯ ಮೇಜಿನ ನಟ್ಟನಡುವೆ ಇಟ್ಟಳು.

"ರೇಣವ್ವಾ!" ಕಾಶಿನಾಥನ ದನಿ ಒಡೆಯಿತು. "ಪಾಲಿಶ್!"

"ಇರಲಿ ಬಿಡು." ಅವಳು ಸಂಯುಕ್ತಾಳ ಕಡೆ ತಿರುಗಿದಳು. "ಅಳತಿಗೆ ಇಷ್ಟು ಸಾಕ್ರಿ. ತಗೀರಿ ಫೋಟೋ."

"ಏನಾದ್ರೂ ಪ್ರಾಬ್ಲಮ್ಮಾ?" ಸಂಯುಕ್ತಾ ಪ್ರಜ್ವಲನನ್ನು ಕೇಳಿದಳು.

ಅವನಿಗೆ ಗೊತ್ತಿತ್ತು. ಅವನ ಮಣಿಕಟ್ಟು ಹಿಡಿದೇ ರೇಣುಕಾ ಅದನ್ನು ಕಲಿಸಿದ್ದಳು. ಹೇಳಬೇಕೆಂದರೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಾಗಿತ್ತು.

"ಏನಿಲ್ಲ," ಎಂದ.

ಸಂಯುಕ್ತಾ ಬೆಳಕು ನೋಡಿಕೊಂಡು, ಜಾಗ ಬದಲಿಸಿಕೊಂಡು ನಿಧಾನವಾಗಿ ಫೋಟೋ ತೆಗೆದಳು. ಎಲ್ಲ ಮುಗಿದ ಮೇಲೆ ರೇಣುಕಾ ಗ್ಲಾಸನ್ನು ಎತ್ತಿ ಪ್ರಜ್ವಲನ ಕೈಗೆ ಕೊಟ್ಟಳು.

ಮೇಜಿನ ಮೇಲೆ ಬಿಳಿಯ ಚಕ್ರವೊಂದು ಉಳಿದಿತ್ತು. ಅದು ಯಾವ ಕಡೆಯಿಂದ ಅಳೆದರೂ ಪೂರಾ ದುಂಡಗಿತ್ತು.