ಹನ್ನೆರಡನೇ ಸರ್ಟಿಫಿಕೇಟು

ಬೊಲೆರೋ ಹಿಂದಿನಿಂದ ಗುದ್ದಿದಾಗ ನಾನು ಮಳಖೇಡದ ಕಾಗಿಣಾ ಸೇತುವೆಯ ಮೇಲಿದ್ದೆ.

ಬೈಕು ವಾಲಿತು. ಮುಂದೆ ಸಿಮೆಂಟ್ ಲಾರಿ. ಲಾರಿಗೂ ಕಟ್ಟೆಗೂ ನಡುವೆ ನಾಲ್ಕೇ ಗೇಣು ಜಾಗ... ನುಸುಳಿದೆ!

ಬೊಲೆರೋ ಲಾರಿಯ ಹಿಂದೆ ಉಳಿಯಿತು.

ಅದರಲ್ಲಿದ್ದವರು ಲಕ್ಷ್ಮಿಕಾಂತನ ಆಳುಗಳು. ಲಕ್ಷ್ಮಿಕಾಂತ ಎಂದರೆ ಶಹಾಬಾದದಲ್ಲಿ ಕೂತು ಗಲ್ಫ್‌ಗೆ ಜನ ಕಳಿಸುವ ಏಜೆಂಟ್. ನಿನ್ನೆಯವರೆಗೆ ನಾನೂ ಅವನ ಆಳೇ. ಬರೆದುಕೊಳ್ಳಿ ಇನ್ಸ್‌ಪೆಕ್ಟರ್ ಸಾಹೇಬರೇ, ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಹೆಸರು ಉದಯಕುಮಾರ. ಸೇಡಂನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಎರಡು ವರ್ಷದ ಹಿಂದೆ ವೀಸಾ ರೂಲ್ ಬದಲಾಯಿತು. ಮೊದಲೆಲ್ಲ ಎಲೆಕ್ಟ್ರಿಷಿಯನ್ ಎಂದು ಬರೆಸಿದರೆ ಸಾಕಿತ್ತು. ಈಗ ಇಲ್ಲೇ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ತೋರಿಸಬೇಕು, ಆಮೇಲೆಯೇ ವೀಸಾ. ಒಳ್ಳೆಯ ರೂಲು. ಅದನ್ನೂ ನಾವು ಕೆಡಿಸಿದೆವು!

ಪರೀಕ್ಷೆಯ ಅರ್ಜಿಯಲ್ಲಿ ಫೋಟೊ ಬದಲಾಯಿಸುವುದು ಲಕ್ಷ್ಮಿಕಾಂತನ ಕೆಲಸ. ಬೇರೆಯವರ ಹೆಸರಲ್ಲಿ ಪರೀಕ್ಷೆಗೆ ಕೂರುವುದು ನನ್ನದು. ಹನ್ನೆರಡು ಸಲ ಕೂತೆ. ಹನ್ನೆರಡೂ ಸಲ ಪಾಸು. ಫ್ಯೂಸ್ ಹಾಕಲೂ ಬಾರದವರು ನನ್ನ ದಯದಿಂದ ಎಲೆಕ್ಟ್ರಿಷಿಯನ್ ಆದರು. ಪುಣ್ಯದ ಕೆಲಸ ಎಂದುಕೊಂಡಿದ್ದೆ... ನಾಚಿಕೆಗೇಡಿ ನಾನು.

ಇವತ್ತು ಬೆಳಿಗ್ಗೆ ಸುಲೇಪೇಟಕ್ಕೆ ಹೋಗಿದ್ದೆ. ಶಂಕರಲಿಂಗ ಗಲ್ಫ್‌ನಿಂದ ವಾಪಸ್ ಬಂದಿದ್ದಾನೆಂದು ಸುದ್ದಿ. ನಾನು ಪಾಸು ಮಾಡಿಸಿದ ಐದನೆಯವನು.

ಮನೆಯ ಕಟ್ಟೆಯ ಮೇಲೆ ಕೂತಿದ್ದ. ತಾಯಿ ಹಣಮಮ್ಮ ರೊಟ್ಟಿ ಮುರಿದು ಅವನ ಬಾಯಿಗೆ ಇಡುತ್ತಿದ್ದಳು. ಅವನಿಗೆ ಮೊಣಕೈಯಿಂದ ಕೆಳಗೆ ಎರಡೂ ಕೈ ಇರಲಿಲ್ಲ.

ಅವನು ಬೈಯಲಿಲ್ಲ. ನಡೆದದ್ದನ್ನು ಹೇಳಿದ. ದೊಡ್ಡ ಬಿಲ್ಡಿಂಗು, ಲೈಟು ಹೋಯಿತು. ನಮ್ಮ ಕಡೆ ಕರೆಂಟು ಹೋಯಿತೆಂದರೆ ಎರಡು ತಾಸು ಚಿಂತೆಯಿಲ್ಲ. ಹೊಲದ ಮೋಟರಿನ ವೈರು ಕೂಡಿಸುವುದು, ಸ್ಟಾರ್ಟರ್ ಬಿಚ್ಚುವುದು, ಎಲ್ಲ ಆ ಹೊತ್ತಿನಲ್ಲೇ. ಅದೇ ಧೈರ್ಯದಲ್ಲಿ ಪ್ಯಾನಲ್‌ಗೆ ಕೈ ಹಾಕಿದ. ಅಲ್ಲಿ ಹತ್ತೇ ಸೆಕೆಂಡಿಗೆ ಜನರೇಟರ್ ತಾನಾಗಿ ಚಾಲೂ ಆಗುತ್ತದೆ.

ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬರುತ್ತದೆ ಸಾಹೇಬರೇ. ಹನ್ನೆರಡೂ ಸಲ ಸರಿಯಾದ ಉತ್ತರ ಬರೆದೆ. ಒಬ್ಬನಿಗೂ ಹೇಳಿಕೊಡಲಿಲ್ಲ!

ಎದ್ದು ಹೊರಟೆ. ಹಣಮಮ್ಮ ಕರೆದಳು.

“ರೊಟ್ಟಿ ತಿಂದು ಹೋಗಪಾ. ನಮ್ಮ ಹುಡುಗನ ಸಲುವಾಗಿ ಭಾಳ ಓಡ್ಯಾಡಿದಿ.”

ಅವಳಿಗೆ ಏನೂ ಗೊತ್ತಿರಲಿಲ್ಲ.

ಹನ್ನೆರಡನೆಯವನು ಮಳಖೇಡದ ಸಿದ್ಧಲಿಂಗ. ಸಿಮೆಂಟ್ ಚೀಲ ಹೊರುವವನು. ಇವತ್ತೇ ಮಧ್ಯಾಹ್ನ ವಾಡಿಯಿಂದ ಮುಂಬೈ ರೈಲು, ನಾಳೆ ವಿಮಾನ. ಹೋಗಬೇಡ ಎಂದು ಫೋನ್ ಮಾಡಿದೆ. ನಕ್ಕು ಇಟ್ಟ. ಆಮೇಲೆ ಸ್ವಿಚ್ ಆಫ್. ಅವನನ್ನು ತಡೆಯಿರಿ ಎಂದು ಲಕ್ಷ್ಮಿಕಾಂತನಿಗೆ ಹೇಳಿದೆ. ಅವನು ತಡೆಯಲು ಹೊರಟದ್ದು ನನ್ನನ್ನು! ಸಿದ್ಧಲಿಂಗ ಹೋಗದೆ ಉಳಿದು ಬಾಯಿ ಬಿಟ್ಟರೆ ಹನ್ನೆರಡೂ ಸರ್ಟಿಫಿಕೇಟು ಹೊರಗೆ ಬರುತ್ತವಲ್ಲ.

ಮಳಖೇಡದಲ್ಲಿ ಸಿದ್ಧಲಿಂಗನ ಮನೆಗೆ ಬೀಗ ಬಿದ್ದಿತ್ತು. ಅಲ್ಲಿಂದಲೇ ಬೊಲೆರೋ ಬೆನ್ನು ಹತ್ತಿದ್ದು.

ಚಿತ್ತಾಪುರ ದಾಟುವಾಗ ಮತ್ತೆ ಕನ್ನಡಿಯಲ್ಲಿ ಕಾಣಿಸಿತು. ನಾನು ಆಕ್ಸಿಲರೇಟರ್ ಬಿಡಲಿಲ್ಲ. ವಾಡಿ ಸ್ಟೇಷನ್ನಿನ ಮುಂದೆ ಬೈಕು ಬಿಸಾಕಿ ಓಡಿದೆ.

ರೈಲು ಇನ್ನೂ ನಿಂತಿತ್ತು!

ಸಿದ್ಧಲಿಂಗ ಬೋಗಿಯ ಬಾಗಿಲಲ್ಲಿದ್ದ. ಹೊಸ ಅಂಗಿ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಪಾಸ್‌ಪೋರ್ಟು. ಕೆಳಗೆ ಹೆಂಡತಿ ಶಿವಗಂಗಾ ನಿಂತಿದ್ದಳು.

ಏದುಸಿರು ಬಿಡುತ್ತಲೇ ಶಂಕರಲಿಂಗನ ಕತೆ ಹೇಳಿದೆ. ಅವನ ನಸೀಬು ಹಾಗಿತ್ತು ಎಂದ. ತಾನು ಅಲ್ಲಿಗೆ ಹೋಗಿ ಕಲಿಯುತ್ತೇನೆ ಎಂದ. ಕೊನೆಗೆ ಒಂದೇ ಪ್ರಶ್ನೆ ಕೇಳಿದೆ.

“ತಮ್ಮಾ, ಅಲ್ಲಿ ಕರೆಂಟ್ ಹೋದರ ಏನ್ ಮಾಡ್ತಿ?”

“ಹೋದ ಮ್ಯಾಲ ಏನ್ ಅಂಜಿಕಿ ಅಣ್ಣಾ? ಬರೂದ್ರಾಗ ಕೆಲಸ ಮುಗಸ್ತೀನಿ.”

ಗಾಡಿ ಅಲುಗಿತು. ಹಿಂದಿನಿಂದ ಯಾರೋ ನನ್ನ ಕಾಲರ್ ಹಿಡಿದರು. ಬೊಲೆರೋದವರು! ಇನ್ನು ಮಾತಿಗೆ ಹೊತ್ತಿಲ್ಲ...

ಕವರು ಕಸಿದೆ. ಪಾಸ್‌ಪೋರ್ಟನ್ನು ಎರಡು ಹೋಳು ಮಾಡಿ ಗಾಲಿಗಳ ಕೆಳಗೆ ಎಸೆದೆ.

ಸಿದ್ಧಲಿಂಗ ಚಲಿಸುವ ಗಾಡಿಯಿಂದ ಜಿಗಿದ. ಶಿವಗಂಗಾ ಪ್ಲಾಟ್‌ಫಾರಮ್ಮಿನ ಮೇಲೆ ಕುಸಿದು ಕೂತಳು.

“ನಿಮಗ ನಾವ್ ಏನ್ ಮಾಡಿದ್ದೆವು ಅಣ್ಣಾ? ಎರಡು ವರ್ಷದಿಂದ ಇದೊಂದರ ದಾರಿ ಕಾಯಲಿಕತ್ತಿದ್ದೆವು.”

ಆಮೇಲೆ ಹೊಡೆತ ಶುರುವಾಯಿತು. ನಿಮ್ಮ ಪೊಲೀಸರು ಬಂದದ್ದು ಕಂಡು ಲಕ್ಷ್ಮಿಕಾಂತನ ಆಳುಗಳು ಓಡಿದರು. ಸಿದ್ಧಲಿಂಗ ಓಡಲಿಲ್ಲ.

ಎಲ್ಲ ಬರೆದುಕೊಳ್ಳಿ ಸಾಹೇಬರೇ. ಇನ್ನೂ ಹತ್ತು ಮಂದಿ ಅಲ್ಲೇ ಇದ್ದಾರೆ, ಹೆಸರು ಕೊಡುತ್ತೇನೆ. ಮೊದಲು ಅವರಿಗೆ ಫೋನ್ ಮಾಡಿಸಿ. ನನ್ನ ಮೇಲೆ ಎಷ್ಟು ಕೇಸು ಬೇಕಾದರೂ ಹಾಕಿ.

ಈ ಒಡೆದ ತುಟಿ, ಊದಿದ ಕಣ್ಣಿಗೆ ಮಾತ್ರ ಸಿದ್ಧಲಿಂಗನ ಮೇಲೆ ಕೇಸು ಬೇಡ. ಎರಡೂ ಕೈಯಿಂದ ಹೊಡೆದಿದ್ದಾನೆ... ನನಗೆ ಅಷ್ಟು ಸಾಕು!